‘ಕುಣಿಗಲ್ ರಸ್ತೆ’ಯ ನಾಲ್ಕನೇ ಹಾಡು

ಜೂನ್ ೩, ಮಂಗಳವಾರ

ಹೊಸ ವರ್ಷಕ್ಕೆ ಫ್ಯಾಕ್ಟರಿಯಲ್ಲಿ ಕೊಟ್ಟ ಡೈರಿ ಇದು. ಐದು ತಿಂಗಳಿಂದ ಫ್ರಿಜ್ಜಿನ ಮೇಲೆ ಧೂಳು ಹಿಡಿಯುತ್ತಿತ್ತು. ಇವತ್ತಿನಿಂದ ಇದಕ್ಕೆ ಕೆಲಸ ಸಿಕ್ಕಿದೆ.

ಮಧ್ಯಾಹ್ನ ಹಿರೇಹಳ್ಳಿಯ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮುದ್ದೆ ಮುರಿಯುತ್ತಿದ್ದಾಗ ಬೆಂಗಳೂರಿನಿಂದ ಫೋನ್ ಬಂತು. ಯಾವುದೋ ಆಡಿಯೋ ಕಂಪನಿಯ ಹುಡುಗಿ, ಯಶಸ್ವಿನಿ ಅಂತೆ. ಬೆಣ್ಣೆ ಸವರಿದ ಹಾಗೆ ಮಾತಾಡಿದಳು. ಭಾನುಪ್ರಕಾಶನ ಮೊದಲ ಆಲ್ಬಮ್ ‘ಕುಣಿಗಲ್ ರಸ್ತೆ’ಗೆ ಈ ವರ್ಷ ಹತ್ತು ತುಂಬುತ್ತದಂತೆ. ಅದನ್ನೂ ಎರಡನೆಯ ಆಲ್ಬಮ್ ‘ಸೋಗೆ’ಯನ್ನೂ ಸೇರಿಸಿ, ಹಳೇ ಕಾಲದ ಗ್ರಾಮಫೋನ್ ಪ್ಲೇಟಿನಲ್ಲಿ ಮತ್ತೆ ಹೊರಗೆ ತರುತ್ತಾರಂತೆ.

“ಫಸ್ಟ್ ಆಲ್ಬಮ್ಮಿನ ನಾಲ್ಕನೇ ಹಾಡಲ್ಲಿ ಹಿಂದೆ ಕೇಳೋ ವಾಯ್ಸ್ ನಿಮ್ಮ ತಾಯಿಯವರದ್ದಂತಲ್ಲ ಮೇಡಂ. ಆಗ ಬರೀ ‘ಒಬ್ಬ ತಾಯಿ’ ಅಂತ ಹಾಕಿದ್ರು. ಈಗ ಅವರ ಸೈನ್ ಇಲ್ದೆ ನಾವು ತರೋ ಹಾಗಿಲ್ಲ.”

“ಯಾರು ಹೇಳಿದ್ದು ನಮ್ಮ ತಾಯಿದು ಅಂತ?”

“ಭಾನು ಸರ್ರೇ ಹೇಳಿದ್ರು. ಅವರು ಫೋನ್ ಮಾಡಿದ್ರೆ ನೀವು ಎತ್ತಲ್ಲ ಅಂದ್ರು.”

ಎತ್ತುವುದಿಲ್ಲ, ನಿಜ. ಹತ್ತು ವರ್ಷದಿಂದ ಎತ್ತಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂದೆ. ಫೋನ್ ಇಟ್ಟಾಗ ಮುದ್ದೆ ತಣ್ಣಗಾಗಿತ್ತು. ಆದರೂ ಅದನ್ನು ಮುಗಿಸಿ ಇನ್ನೊಂದು ಹಾಕಿಸಿಕೊಂಡೆ. ಇಷ್ಟು ಹಸಿವಾಗಿ ಎಷ್ಟು ದಿನವಾಗಿತ್ತೋ. ಅವನ ಜುಟ್ಟು ಕೊನೆಗೂ ನನ್ನ ಕೈಗೆ ಬಂದಿದೆ.

ಜೂನ್ ೪, ಬುಧವಾರ

ಮೊದಲಿನಿಂದ ಬರೆದಿಡುತ್ತೇನೆ, ಸಿಟ್ಟು ಮಾಸದೆ ಇರಲಿ ಅಂತ.

ನನ್ನ ತಮ್ಮ ಸಂತೋಷ ಮತ್ತು ಭಾನು ಗುಬ್ಬಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಭಾನು ನಮ್ಮ ಮನೆಯಲ್ಲಿ ಉಂಡು ಬೆಳೆದ. ನನ್ನನ್ನು ಅಕ್ಕ ಅನ್ನುತ್ತಿದ್ದ, ನಮ್ಮವ್ವ ಚಿಕ್ಕಗಂಗಮ್ಮನನ್ನು ಅವ್ವ ಅಂತಲೇ ಕರೆಯುತ್ತಿದ್ದ. ಅವನು ಗಿಟಾರ್ ಹಿಡಿದು ಹಾಡು ಕಟ್ಟುವುದು, ಸಂತೋಷ ಪಕ್ಕದಲ್ಲಿ ಕೂತು ತಾಳ ಹಾಕುವುದು. ಒಬ್ಬನ ತಲೆ ಇನ್ನೊಬ್ಬನ ತೊಡೆಯ ಮೇಲೆ.

೨೦೧೪ರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿಸಿದೆವು. ಮಾತು ನಿಂತಿತ್ತು, ಎಡಗೈ ಮಾತ್ರ ಆಡುತ್ತಿತ್ತು. ಸಂತೋಷನಿಗೆ ಕುಣಿಗಲ್ಲಿನಲ್ಲಿ ಕೆಲಸ. ಡ್ಯೂಟಿ ಮುಗಿಸಿ, ಬುತ್ತಿ ಕಟ್ಟಿಸಿಕೊಂಡು ಬೈಕಿನಲ್ಲಿ ಅಪ್ಪನ ಹತ್ತಿರ ಬರುತ್ತಿದ್ದವನಿಗೆ ಲಾರಿ ಹೊಡೆಯಿತು. ಇಪ್ಪತ್ತಾರು ವರ್ಷ ಅವನಿಗೆ.

ಹೆಣವನ್ನು ಗುಬ್ಬಿಯ ಮನೆಯ ಮುಂದೆ ಮಲಗಿಸಿದಾಗ ಅವ್ವ ಪಕ್ಕ ಕೂತು ಹಾಡಿಕೊಂಡು ಅತ್ತಳು. ನಮ್ಮ ಕಡೆ ಹೆಂಗಸರು ಹಾಗೇ ಅಳುವುದು. ಸತ್ತವರ ಹೆಸರು ಹಿಡಿದು, ಅವರು ತಿಂದದ್ದು, ಉಟ್ಟದ್ದು, ಆಡಿದ್ದು ಎಲ್ಲವನ್ನೂ ರಾಗ ಮಾಡಿ ಹೇಳುತ್ತಾರೆ. ಮೊದಲೇ ಕಟ್ಟಿದ ಪದವಲ್ಲ, ಆ ಹೊತ್ತಿಗೆ ಬಾಯಿಗೆ ಬಂದದ್ದು. ಹೆಣ ಎತ್ತಿದ ಮೇಲೆ ಅದನ್ನು ಯಾರೂ ಮತ್ತೆ ಆಡುವುದಿಲ್ಲ. ಬದುಕಿರುವವರ ಮನೆಯಲ್ಲಿ ಅಳುವ ಪದ ಕೇಳಿಸಿದರೆ ಸಾವನ್ನು ಕೂಗಿ ಕರೆದ ಹಾಗೆ ಅಂತ ನಮ್ಮವರ ನಂಬಿಕೆ.

ಒಂಬತ್ತು ದಿನಕ್ಕೆ ಅಪ್ಪನೂ ಹೋದ. ಮಗನ ಸುದ್ದಿ ಅವನಿಗೆ ತಿಳಿಸಬೇಡಿ ಅಂದಿದ್ದರು ಡಾಕ್ಟರು. ತಿಳಿಸಲಿಲ್ಲ. ಆಮೇಲೆ ಅವ್ವನನ್ನು ಕರೆದುಕೊಂಡು ತುಮಕೂರಿಗೆ ಬಂದೆ. ನನ್ನ ಮದುವೆಯ ಮಾತು ಆ ವರ್ಷಕ್ಕೇ ಮುಗಿಯಿತು.

ಮಾರನೇ ವರ್ಷ ಒಂದು ದಿನ ಬಸ್ಸಿನಲ್ಲಿ ಕೂತಿದ್ದೆ. ಡ್ರೈವರ್ ಹಾಡು ಹಾಕಿದ. ಗಿಟಾರ್, ಅದರ ಮೇಲೆ ಭಾನುವಿನ ದನಿ, ಅದರ ಹಿಂದೆ ನಮ್ಮವ್ವ. ‘ಬಿಸ್ಲಾಯ್ತು ಏಳೋ ನನ್ನಪ್ಪ, ಬಿಸ್ನೀರು ಕಾದೈತೆ ಏಳೋ.’ ಹೆಣಕ್ಕೆ ಸ್ನಾನ ಮಾಡಿಸಲು ನೀರು ಕಾದಿತ್ತಲ್ಲ, ಆಗ ಹೇಳಿದ್ದು. ಆ ಗದ್ದಲದಲ್ಲಿ ಈ ಕಳ್ಳ ಅದನ್ನು ಫೋನಿನಲ್ಲಿ ಹಿಡಿದುಕೊಂಡಿದ್ದ. ಬಸ್ಸು ನಿಲ್ಲಿಸಿ ಇಳಿದು ಮನೆಯವರೆಗೂ ನಡೆದೇ ಹೋದೆ.

ಆ ವಾರವೇ ಸಿ.ಡಿ. ಹಿಡಿದುಕೊಂಡು ಮನೆಗೆ ಬಂದ. “ಅಕ್ಕ, ಅವತ್ತು ನೀವು...” ಅಂತ ಏನೋ ಶುರು ಮಾಡಿದ. ಅವನ ಮುಖಕ್ಕೆ ಬಾಗಿಲು ಹಾಕಿದೆ.

ಜೂನ್ ೮, ಭಾನುವಾರ

ಅವ್ವ ಬೆಳಿಗ್ಗೆ ಏಳಕ್ಕೇ ಹೊರಟಳು. ತುಮಕೂರಿನ ಬಟವಾಡಿಯ ನಮ್ಮ ಮೂರು ಬೀದಿಯಲ್ಲಿ ಹುಟ್ಟುವ ಕೂಸುಗಳಿಗೆಲ್ಲ ನೀರು ಹಾಕುವವಳು ಅವಳೇ. ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಮೂಗು ನೀವಿ ತಲೆ ಗುಂಡಗೆ ಮಾಡಿ ಕಳಿಸುತ್ತಾಳೆ. ಈಗ ಎರಡು ಮನೆಯ ಕೂಸುಗಳಿವೆ. ಎಪ್ಪತ್ತೊಂದು ವರ್ಷಕ್ಕೆ ಅವಳ ಮುಖದಲ್ಲಿ ನಗು ಕಾಣುವುದು ಆ ಹೊತ್ತಿನಲ್ಲಿ ಮಾತ್ರ.

ಅವಳು ಹೋದ ಮೇಲೆ ಇಡೀ ‘ಕುಣಿಗಲ್ ರಸ್ತೆ’ ಹಾಕಿಕೊಂಡು ಕೂತೆ. ಹತ್ತು ವರ್ಷದಲ್ಲಿ ಮೊದಲ ಸಲ ಪೂರ್ತಿ ಕೇಳಿದ್ದು. ಶತ್ರುವಿನ ಮನೆಯ ಬಾಗಿಲು ಕಿಟಕಿ ಎಲ್ಲೆಲ್ಲಿವೆ ಅಂತ ಗೊತ್ತಿರಬೇಕು. ಫ್ಯಾಕ್ಟರಿಯಲ್ಲಿ ನನ್ನದು ಕ್ವಾಲಿಟಿ ಸೆಕ್ಷನ್, ಹಿತ್ತಾಳೆ ವಾಲ್ವ್‌ಗಳನ್ನು ನೋಡಿ ಪಾಸ್ ಅಥವಾ ರಿಜೆಕ್ಟ್ ಅನ್ನುವುದು. ಹಾಗೇ ನೋಡಿದೆ.

ಒಂದನೇ ಹಾಡು: ಬಸ್‌ಸ್ಟ್ಯಾಂಡ್, ಹುಡುಗಿ, ಕಡ್ಲೆಕಾಯಿ. ರಿಜೆಕ್ಟ್. ಎರಡನೆಯದು ಅವನ ಬಡತನದ ಮೇಲೆ. ಬಡತನವಂತೆ, ವಾರಕ್ಕೆ ನಾಲ್ಕು ದಿನ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ. ರಿಜೆಕ್ಟ್. ಮೂರನೆಯದು ನಡುವೆ ಒಂದು ಕಡೆ ಗಂಟಲು ಹಿಡಿದುಕೊಂಡಿದೆ, ಅದನ್ನು ತಿದ್ದದೆ ಹಾಗೇ ಬಿಟ್ಟಿದ್ದಾನೆ. ಜನ ಇದನ್ನೇ ಆತ್ಮ ಅನ್ನುತ್ತಾರಲ್ಲ, ನಾಲ್ಕು ಗೋಡೆಗೆ ತೆಂಗಿನ ನಾರು ಬಡಿದ ಸಣ್ಣ ಸ್ಟುಡಿಯೋದಲ್ಲಿ ಉಸಿರು ಕಟ್ಟಿದವನ ಕೆಮ್ಮು ಅದು.

ನಾಲ್ಕನೆಯದಕ್ಕೆ ಕೈ ಹೋಗಲಿಲ್ಲ. ದಾಟಿಸಿದೆ.

ಈ ಹಾಡು ಈಗ ಜಿಲ್ಲೆಗೆಲ್ಲ ಅಲಾರಂ. ಬಿಸಿಲಾಯ್ತು ಏಳು ಅನ್ನುತ್ತದಲ್ಲ, ತಾಯಿ ಮುದ್ದು ಮಾಡಿ ಎಬ್ಬಿಸುತ್ತಿದ್ದಾಳೆ ಅಂದುಕೊಂಡಿದ್ದಾರೆ. ಸಾವಿರಾರು ಜನ ದಿನಾ ಬೆಳಿಗ್ಗೆ ನನ್ನ ತಮ್ಮನ ಹೆಣದ ಪಕ್ಕ ಕಣ್ಣು ಬಿಡುತ್ತಾರೆ, ಅವರಿಗೆ ಗೊತ್ತಿಲ್ಲ ಅಷ್ಟೆ. ಗೊತ್ತಾದರೆ ಯಾವ ಮನೆಯಲ್ಲೂ ಅದು ಕೇಳಿಸುವುದಿಲ್ಲ.

ಸೈನ್ ಕೊಡದಿದ್ದರೆ ಒಂದು ಪ್ಲೇಟು ನಿಲ್ಲುತ್ತದೆ. ಇದನ್ನು ಬಾಯಿಬಿಟ್ಟರೆ ಹಾಡೇ ಸಾಯುತ್ತದೆ.

ಜೂನ್ ೧೧, ಬುಧವಾರ

ಫ್ಯಾಕ್ಟರಿ ವ್ಯಾನಿನ ಡ್ರೈವರ್ ರಾಮಾಂಜಿನಯ್ಯನ ರಿಂಗ್‌ಟೋನ್ ಅದೇ ಹಾಡು. ಇವತ್ತು ಹೆಬ್ಬಾಗಿಲಲ್ಲಿ ಇಳಿಯುವಾಗ ಹೊಡೆದುಕೊಂಡಿತು.

“ರಾಮಾಂಜಿನಯ್ಯ, ಅದು ಏನು ಹಾಡು ಗೊತ್ತಾ?” ಅಂದೆ.

“ಗೊತ್ತಿಲ್ದೆ ಏನಮ್ಮ. ನಮ್ ಭಾನುದು. ನಮ್ ಹುಡುಗ ಬಿದರೆಹಳ್ಳಿ ಕಾವಲ್ ಫ್ಯಾಕ್ಟರೀಗೆ ಆರ್ ಗಂಟೇಗೆ ಏಳ್ಬೇಕಲ್ಲ, ಮನೇಲೂ ಅಲಾರಂಗೆ ಇದನ್ನೇ ಮಡಗಿದೀನಿ.”

“ಅದು ಹೆಣದ ಮುಂದೆ ಅತ್ತಿದ್ದು. ಸತ್ತೋನು ನನ್ನ ತಮ್ಮ. ಅಳ್ತಿರೋಳು ನಮ್ಮವ್ವ.”

ಅವನ ಮುಖ ನೋಡಬೇಕಿತ್ತು. ಸ್ಟೇರಿಂಗಿನ ಮೇಲೆ ಕೈ ಹಾಗೇ ನಿಂತಿತು. “ಮೂರ್ ವರ್ಸದಿಂದ ದಿನಾ ಬೆಳಿಗ್ಗೆ ನಮ್ಮನೇಲಿ ಇದೇ ಹೊಡ್ಕಂತೈತಲ್ಲಮ್ಮ,” ಅಂದ. ದನಿ ಸಣ್ಣಗಾಗಿತ್ತು. ನನಗೆ ಪಾಪ ಅನಿಸಲಿಲ್ಲ, ಖುಷಿಯಾಯಿತು. ಖುಷಿ ಅಂತಲೇ ಬರೆಯುತ್ತೇನೆ, ಇಲ್ಲಿ ಯಾರಿಗೆ ಹೆದರಬೇಕು.

ಜೂನ್ ೧೩, ಶುಕ್ರವಾರ

ರಾಮಾಂಜಿನಯ್ಯನ ಹೆಂಡತಿ ಮನೆಯೆಲ್ಲ ತೊಳೆದು ಗಂಜಲ ಚಿಮುಕಿಸಿದಳಂತೆ. ವ್ಯಾನಿನಲ್ಲಿ ಹದಿನಾಲ್ಕು ಹೆಂಗಸರು. ಹದಿನಾಲ್ಕೂ ಜನ ಫೋನ್ ತೆಗೆದು ಹುಡುಕಿ ಹುಡುಕಿ ಅಳಿಸಿದರು. ಕಿಟಕಿ ಪಕ್ಕ ಕೂತು ನೋಡುತ್ತಿದ್ದೆ.

ಜೂನ್ ೨೧, ಶನಿವಾರ

ವಾರದಲ್ಲಿ ಮಾತು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಬಸ್‌ಸ್ಟ್ಯಾಂಡಿನ ಬೇಕರಿಯವನು ಆ ಹಾಡು ನಿಲ್ಲಿಸಿದ. ಗುಬ್ಬಿಯಲ್ಲಿ ಒಂದು ಮದುವೆ ಛತ್ರದಲ್ಲಿ ಯಾರೋ ಅದನ್ನು ಹಾಕಿದಾಗ ಹೆಣ್ಣಿನ ಸೋದರತ್ತೆ ಸ್ಪೀಕರಿನ ವೈರು ಕಿತ್ತಳಂತೆ. ಮನೆಯಲ್ಲಿ ಆ ಹಾಡು ಕೇಳಿದ ಮೇಲೆ ಹಸು ಸತ್ತಿತು, ಗರ್ಭ ನಿಲ್ಲಲಿಲ್ಲ ಅಂತ ಹೊಸ ಹೊಸ ಕಥೆಗಳು. ನಾನು ಹೇಳಿದ್ದಲ್ಲ. ಬೇಡ ಅಂತಲೂ ಹೇಳಲಿಲ್ಲ.

ಇವತ್ತು ಲಕ್ಷ್ಮೀಕಾಂತ್ ಅಂತ ಒಬ್ಬ ಬಂದಿದ್ದ, ಊರ ಸುದ್ದಿಯನ್ನು ಯೂಟ್ಯೂಬಿಗೆ ಹಾಕುವವನು. ಮನೆಯಲ್ಲಿ ಅವ್ವ ಇದ್ದಾಳೆ ಅಂತ ಪಾರ್ಕಿಗೆ ಕರೆದುಕೊಂಡು ಹೋದೆ. ನೀಲಿ ಸೀರೆ ಉಟ್ಟಿದ್ದೆ. ತಲೆ ಬಾಚಿಕೊಂಡು ಹೋಗಿದ್ದೆ.

“ಭಾನುಪ್ರಕಾಶ್ ಅವರು ನಿಮ್ಮ ತಾಯಿ ದನಿಯನ್ನ ಹೇಗೆ ತಗೊಂಡ್ರು ಮೇಡಂ?”

“ಕದ್ದ. ಮಗನ ಹೆಣದ ಮುಂದೆ ಕೂತಿದ್ದ ತಾಯಿಯ ಅಳುವನ್ನ ಕದ್ದ. ನಮ್ಮ ಮನೇಲಿ ಯಾರನ್ನೂ ಕೇಳಲಿಲ್ಲ.”

ಒಂದು ಸಲವೂ ತೊದಲಲಿಲ್ಲ. ಸಂಜೆಗೆ ಹನ್ನೊಂದು ಸಾವಿರ ಜನ ನೋಡಿದ್ದರು.

ಜೂನ್ ೨೬, ಗುರುವಾರ

ಕುಣಿಗಲ್ಲಿನ ಕಾರ್ಯಕ್ರಮ ರದ್ದು. ಹತ್ತು ವರ್ಷದ ನೆನಪಿಗೆ ಅಂತ ಮುಂದಿನ ವಾರ ಅವನು ಅಲ್ಲಿ ಹಾಡಬೇಕಿತ್ತು. ಊರಿನವರು ಬೇಡ ಅಂದರಂತೆ. ಅದನ್ನು ಏರ್ಪಾಡು ಮಾಡಿದ್ದ ಶಿವರಾಮಯ್ಯ ಲಕ್ಷ್ಮೀಕಾಂತನ ಕ್ಯಾಮೆರಾ ಮುಂದೆ ಬಂದು, “ಜನರ ಭಾವನೆಗೆ ಬೆಲೆ ಕೊಡ್ಬೇಕಾಗ್ತದೆ,” ಅಂದರು.

ಭಾನುವನ್ನೂ ಕೇಳಿದ್ದಾರೆ. ಮುಖ ಊದಿಕೊಂಡಿತ್ತು, ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. “ನಾನು ಏನೂ ಹೇಳಲ್ಲ. ಅಕ್ಕಂಗೆ ಹಾಗನ್ನಿಸಿದ್ರೆ ಹಾಗೇ ಇರ್ಲಿ,” ಅಂದ. ಅಷ್ಟೇ. ಆ ಒಳ್ಳೆಯತನದ ನಾಟಕ ನೋಡಿ ಮೈ ಉರಿಯಿತು. ಜಗಳವಾಡಿದ್ದರೆ ಇನ್ನೂ ನಾಲ್ಕು ಬಿಗಿಯಬಹುದಿತ್ತು.

ಬಿಡುವುದಿಲ್ಲ. ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ. ಅದಕ್ಕೆ ಸಾಕ್ಷಿ ಬೇಕು. ಯಶಸ್ವಿನಿಗೆ ಫೋನ್ ಮಾಡಿ, ಸೈನ್ ಮಾಡುವ ಮೊದಲು ಅವತ್ತಿನ ಮೂಲ ರೆಕಾರ್ಡಿಂಗ್ ಪೂರ್ತಿ ಕೇಳಬೇಕು ಅಂದೆ. ಪಾಪ, ನಂಬಿದಳು. ಹಳೇ ಹಾರ್ಡ್‌ಡಿಸ್ಕಿನಿಂದ ಹುಡುಕಿ ಕಳಿಸುತ್ತಾಳಂತೆ.

ಜೂನ್ ೨೯, ಭಾನುವಾರ

ಅವ್ವ ಇವತ್ತು ಎಂಟು ಗಂಟೆಗೇ ಮನೆಗೆ ಬಂದಳು.

“ಯಾಕವ್ವ ಇಷ್ಟ್ ಬೇಗ?”

“ಪ್ರೇಮಲತಾ ಕೂಸಿಗೆ ಸೀತ ಅಂತೆ, ನೀರು ಬ್ಯಾಡ ಅಂದ್ರು.”

ಎಣ್ಣೆಯ ಬಟ್ಟಲು ಅಟ್ಟದ ಮೇಲಿಟ್ಟು ಬಾಗಿಲಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಪಕ್ಕದ ಪ್ರೇಮಲತಾ ಮನೆಯ ಬಚ್ಚಲಿನಿಂದ ಕೂಸಿನ ಕಿರುಚಾಟ, ನೀರು ಹುಯ್ಯುವ ಸದ್ದು ಎರಡೂ ಕೇಳಿದವು. ಅವ್ವನಿಗೂ ಕೇಳಿರಬೇಕು. ನಾನು ಟೀವಿ ಜೋರು ಮಾಡಿದೆ.

ಜುಲೈ ೨, ಬುಧವಾರ

ಎರಡನೇ ಮನೆಯವರೂ ಬೇಡ ಅಂದರು. ಇವರು ಕಾರಣವನ್ನೂ ಹೇಳಲಿಲ್ಲ.

ಜುಲೈ ೫, ಶನಿವಾರ

ಫ್ಯಾಕ್ಟರಿಯಿಂದ ಬಂದಾಗ ಅವ್ವ ದೀಪ ಹಚ್ಚದೆ ಕೂತಿದ್ದಳು. ಎದುರು ಮನೆಯ ಕರಿಬಸಮ್ಮ ಎಲ್ಲ ಹೇಳಿಬಿಟ್ಟಿದ್ದಾಳೆ.

“ಅದ್ಯಾವ್ದೋ ಹಾಡ್ನಲ್ಲಿ ನಾನು ಸಂತೋಸನ ಮುಂದೆ ಅಳದು ಐತಂತೆ. ನನ್ ಬಾಯಿ ಸಾವು ಕರ್ಯೋ ಬಾಯಂತೆ, ಕೂಸಿನ ಮನೇಗೆ ಕರೀಬಾರ್ದಂತೆ. ನಿಜವೇನೇ ಅರುಣಾ?”

“ಹಾಡು ನಿಜ ಅವ್ವ. ಭಾನು ಮಾಡಿದ್ದು.”

“ಊರಿಗೆ ಹೇಳ್ದೋಳು ನೀನಂತೆ.”

ತಲೆ ಆಡಿಸಿದೆ. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. “ನಂಗೆ ಕೇಳುಸು ಅದ್ನ,” ಅಂದಳು. ಈಗ ಬೇಡ ಅಂದೆ. “ಎಲ್ರೂ ಕೇಳವ್ರೆ, ನಾನೊಬ್ಳು ಕೇಳ್ಬಾರ್ದಾ?” ಅಂದಳು. ಎದ್ದು ಹೋಗಿ ದೀಪ ಹಚ್ಚಿದೆ.

ಇದಕ್ಕೂ ಅವನೇ ಕಾರಣ. ಅವನು ಹಾಡು ಮಾಡದಿದ್ದರೆ ನಾನು ಹೇಳಬೇಕಾಗಿರಲಿಲ್ಲ. ಹತ್ತು ವರ್ಷ ಅವಳ ಕಿವಿಗೆ ಬೀಳದ ಹಾಗೆ ಕಾಪಾಡಿದ್ದೆ. ಈಗ ಅವಳ ಕೂಸುಗಳೂ ಹೋದವು. ಕಂಪ್ಲೇಂಟಿನಲ್ಲಿ ಇದನ್ನೂ ಸೇರಿಸಿ ಬರೆಸುತ್ತೇನೆ.

ಯಶಸ್ವಿನಿ ಕಳಿಸಿದ್ದು ಬಂದಿದೆ. ಮೂವತ್ತೇಳು ನಿಮಿಷವಿದೆ. ನಾಳೆ ರಜ, ನಾಳೆ ಕೇಳುತ್ತೇನೆ.

ಜುಲೈ ೬, ಭಾನುವಾರ

ಕೇಳಿದೆ.

ಜುಲೈ ೭, ಸೋಮವಾರ

ಹನ್ನೆರಡನೇ ನಿಮಿಷದ ಹತ್ತಿರ ಅವ್ವ ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಾಳೆ. ಆಗ ಭಾನು ಪಿಸುಗುಟ್ಟುತ್ತಾನೆ. “ಅಕ್ಕ, ಸಾಕಾ? ನಿಲ್ಲಿಸ್ಲಾ? ನನ್ ಕೈಲಿ ಆಗ್ತಿಲ್ಲ.”

ಅದಕ್ಕೆ ಒಂದು ಹೆಣ್ಣು ದನಿ ಹೇಳುತ್ತದೆ. “ನಿಲ್ಲಿಸ್ಬ್ಯಾಡ. ಪೂರ್ತಿ ಹಿಡ್ಕೊ. ಅಪ್ಪಂಗೆ ಕೇಳುಸ್ಬೇಕು ಅಂದೆನಲ್ಲ. ಹತ್ರ ಹೋಗು, ಅವ್ವನ ಬಾಯ್ ಹತ್ರ ಹಿಡಿ.”

ಯಾರೋ ನೆಂಟರು ಇರಬೇಕು ಅಂತ ಮತ್ತೆ ಕೇಳಿದೆ. ಒಟ್ಟು ಐದು ಸಲ ಕೇಳಿದೆ. ನನ್ನದೇ ದನಿ.

ನೆನಪಿಲ್ಲ. ಆಣೆ ಮಾಡಿ ಹೇಳುತ್ತೇನೆ, ನೆನಪಿಲ್ಲ. ಆ ದಿನ ನನಗೆ ನೆನಪಿರುವುದು ಸಂತೋಷನ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದ ಬಿಳಿ ದಾರ ಮಾತ್ರ. ಅದಾದ ಒಂಬತ್ತನೇ ದಿನ ಅಪ್ಪ. ನಡುವೆ ಏನು ಅಂದೆ, ಯಾರಿಗೆ ಅಂದೆ, ಒಂದೂ ಇಲ್ಲ.

ಇರಲಿ. ಹಿಡಿ ಅಂದೆ, ಊರಿಗೆಲ್ಲ ಹಂಚು ಅನ್ನಲಿಲ್ಲವಲ್ಲ. ಆಲ್ಬಮ್ಮಿಗೆ ಹಾಕುವ ಮೊದಲು ಕೇಳಬೇಕಿತ್ತು. ಆ ತಪ್ಪು ಅವನದೇ. ಆದರೆ ‘ಕದ್ದ’ ಅಂದೆನಲ್ಲ, ಹನ್ನೊಂದು ಸಾವಿರ ಜನರ ಮುಂದೆ.

ಜುಲೈ ೮, ಮಂಗಳವಾರ

ಚೆನ್ನಾಗಿದ್ದ ಒಂದು ಇಡೀ ಲಾಟ್ ವಾಲ್ವ್‌ಗೆ ಕೆಂಪು ಚೀಟಿ ಅಂಟಿಸಿಬಿಟ್ಟೆ. “ಏನಾಗಿದೆ ಮೇಡಂ ನಿಮ್ಗೆ, ಹುಷಾರಿಲ್ವಾ?” ಅಂದರು ಸೂಪರ್‌ವೈಸರ್. ಹುಷಾರಿದೀನಿ ಅಂದೆ.

ಜುಲೈ ೧೦, ಗುರುವಾರ

‘ಸೋಗೆ’ ಕೇಳಿದೆ, ಅವನ ಎರಡನೆಯ ಆಲ್ಬಮ್. ಅದರಲ್ಲಿ ನಮ್ಮವ್ವ ಇಲ್ಲ. ಇಬ್ಬರು ಹುಡುಗರು ಒಂದೇ ಬೈಕಿನಲ್ಲಿ ದೇವರಾಯನದುರ್ಗ ಹತ್ತುವ ಹಾಡೊಂದಿದೆ. ಹಿಂದೆ ಕೂತವನು ಸುಮ್ಮನೆ ಬೆನ್ನಿನ ಮೇಲೆ ತಾಳ ಹಾಕುತ್ತಿರುತ್ತಾನೆ, ಅಷ್ಟೇ ಕಥೆ. ಹಿಂದೆ ಕೂತವನು ಸಂತೋಷ ಅಂತ ಹೇಳುವುದಿಲ್ಲ. ನನಗೆ ಗೊತ್ತಾಯಿತು.

ಪಾಸ್.

ಜುಲೈ ೧೨, ಶನಿವಾರ

ಲಕ್ಷ್ಮೀಕಾಂತನ ಅಂಗಡಿಗೆ ಹೋಗಿ ಇನ್ನೊಂದು ಸಲ ಕ್ಯಾಮೆರಾ ತೆಗಿಯಪ್ಪ ಅಂದೆ.

“ತಿದ್ದುಪಡಿ ಯಾರೂ ನೋಡಲ್ಲ ಮೇಡಂ. ಸುಮ್ನೆ ನಿಮ್ಮ ಟೈಮ್ ವೇಸ್ಟು.”

“ನೋಡ್ದೆ ಇರ್ಲಿ. ಹಾಕು.”

ಅವತ್ತು ಹಿಡಿ ಅಂತ ಹೇಳಿದವಳು ನಾನೇ, ಅವನು ಕದ್ದಿಲ್ಲ, ಆದರೆ ಹಾಡು ಮಾಡುವ ಮುಂಚೆ ನಮ್ಮನ್ನು ಕೇಳಲಿಲ್ಲ ಅಂತ ಎರಡೂ ಹೇಳಿದೆ. ಅವನ ಮೇಲೆ ಕನಿಕರ ಬಂದು ಹೇಳಿದ್ದಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಕೆಟ್ಟ ಪೀಸನ್ನೂ ನಾನು ಪಾಸ್ ಮಾಡಿ ಕಳಿಸಿದವಳಲ್ಲ. ರಾತ್ರಿ ಊಟದ ಹೊತ್ತಿಗೆ ನಲವತ್ತೊಂದು ಜನ ನೋಡಿದ್ದರು. ಅದರಲ್ಲಿ ಐದಾರು ಸಲ ನಾನೇ.

ಕಂಪ್ಲೇಂಟ್ ಬರೆದಿದ್ದ ಹಾಳೆಯನ್ನು ಹರಿದೆ.

ಜುಲೈ ೧೩, ಭಾನುವಾರ

ಇವತ್ತು ಅವ್ವನಿಗೆ ಕೇಳಿಸಿದೆ. ಹಾಡನ್ನಲ್ಲ, ಪೂರ್ತಿ ಮೂವತ್ತೇಳು ನಿಮಿಷ. ಕಿಟಕಿ ಬಾಗಿಲು ಹಾಕಿ, ನಡುಮನೆಯಲ್ಲಿ ಚಾಪೆ ಹಾಸಿ ಇಬ್ಬರೂ ಕೂತೆವು. ಬದುಕಿರುವವರ ಮನೆಯಲ್ಲಿ ಅಳುವ ಪದ ಕೇಳಬಾರದು ಅನ್ನುವುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ತೆಗೆಯಲಿಲ್ಲ.

ಮೊದಲ ಸಾಲಿಗೇ ಅವ್ವ, “ಇದು ನಾನಲ್ಲ. ನಮ್ಮವ್ವನ ಗಂಟ್ಲು,” ಅಂದಳು. ಆಮೇಲೆ ತಾನೇ ಹೇಳಿದ್ದನ್ನು ಬೇರೆ ಯಾರದೋ ಮಾತಿನ ಹಾಗೆ ಕಿವಿಗೊಟ್ಟು ಕೇಳಿದಳು. ಸಂತೋಷ ಚಿಕ್ಕವನಿದ್ದಾಗ ಹುಣಿಸೆ ಮರದಿಂದ ಬಿದ್ದದ್ದು, ಮೊದಲ ಸಂಬಳದಲ್ಲಿ ಅವಳಿಗೆ ಕುಕ್ಕರ್ ತಂದದ್ದು, ಎಲ್ಲ ಬಂತು. ಆಲ್ಬಮ್ಮಿನಲ್ಲಿ ಇದು ಯಾವುದೂ ಇಲ್ಲ, ಭಾನು ಬರೀ ನಾಲ್ಕು ಸಾಲು ಇಟ್ಟುಕೊಂಡಿದ್ದಾನೆ. ಒಂದು ಕಡೆ ಅವ್ವ, ‘ಆಸ್ಪತ್ರೇಲಿ ನಿಮ್ಮಪ್ಪ ಬುತ್ತಿ ಕಾಯ್ತಾವ್ನೆ, ಇನ್ಯಾರೋ ಒಯ್ಯೋರು,’ ಅನ್ನುತ್ತಾಳೆ. ಅಲ್ಲಿ ಅವಳ ಕೈ ನನ್ನ ಮಂಡಿಯ ಮೇಲೆ ಬಂತು.

ನನ್ನ ದನಿ ಬಂದಾಗ ನಾನು ನೆಲ ನೋಡುತ್ತಿದ್ದೆ.

ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಅವ್ವ ಕೇಳಿದಳು.

“ಇದು ನಿಮ್ಮಪ್ಪಂಗೆ ಕೇಳುಸ್ಬೇಕು ಅಂತ ಹಿಡ್ಸಿದ್ದಾ?”

“ಹೂಂ.”

“ಕೇಳ್ಸುದ್ರಾ?”

“ಇಲ್ಲ ಅವ್ವ. ನಂಗೆ ಗ್ಯಾನನೇ ಇರ್ಲಿಲ್ಲ. ಡಾಕ್ಟ್ರು ಬೇರೆ ಬ್ಯಾಡ ಅಂದಿದ್ರಲ್ಲ.”

“ನೀನ್ ಕೇಳ್ಸಿಲ್ಲ. ಆ ಹುಡ್ಗ?”

ಗೊತ್ತಿಲ್ಲ ಅಂದೆ. ಆಗ ಅವಳು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆಡದ ಮಾತು ಆಡಿದಳು. “ಮಗ ಬಿಸಿಬಿಸಿ ಬುತ್ತಿ ತತ್ತಾನೆ ಅಂತ ಬಾಗ್ಲು ನೋಡ್ತಾನೇ ಹೋಗ್ಬುಟ್ನಲ್ಲ ನಿಮ್ಮಪ್ಪ. ನನ್ ಮಗ ಯಾಕ್ ಬರ್ಲಿಲ್ಲ, ನನ್ನ ಮರ್ತುಬುಟ್ನಾ ಅನ್ಕೊಂಡೇ ಪ್ರಾಣ ಬುಟ್ನೇನೋ. ನಂಗೆ ಅದೊಂದೇ ಕಣೆ. ಕೂಸುಗೋಳ್ನ ಕಾಲ್ ಮ್ಯಾಲೆ ಹಾಕ್ಕೊಂಡಾಗೂ ಅದೇ ಯೋಚ್ನೆ.”

ಆ ಕಂಪನಿಯ ಕಾಗದದ ವಿಷಯವನ್ನೂ ಹೇಳಿದೆ, ಅವಳ ಸೈನ್ ಬೇಕಂತೆ ಅಂತ. “‘ಒಬ್ಬ ತಾಯಿ’ ಅಂದ್ರೆ ಯಾರು, ನಂಗೆ ಹೆಸ್ರಿಲ್ವಾ?” ಅಂದಳು. ಆಮೇಲೆ, “ಮೊದ್ಲು ನಿಮ್ಮಪ್ಪ ಕೇಳ್ದ್ನಾ ಇಲ್ವಾ ತಿಳ್ಕೊ. ಸೈನು ಆಮೇಲೆ ನೋಡಾನ,” ಅಂದಳು.

ಅಂದರೆ ನಾನು ಅವನಿಗೆ ಫೋನ್ ಮಾಡಬೇಕು. ಈ ಭೂಮಿಯ ಮೇಲೆ ಅದು ಗೊತ್ತಿರುವವನು ಅವನೊಬ್ಬನೇ.

ಜುಲೈ ೧೪, ಸೋಮವಾರ

ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಹಿಂದೆ, ಖಾಲಿ ಡ್ರಮ್ಮುಗಳ ಹತ್ತಿರ ನಿಂತು ಮಾಡಿದೆ. ಮೂರು ಸಲ ಅರ್ಧಕ್ಕೇ ಕಟ್ ಮಾಡಿದೆ. ನಾಲ್ಕನೇ ಸಲ ಮೊದಲ ರಿಂಗಿಗೇ ಎತ್ತಿದ.

“ಹೇಳಿ ಅಕ್ಕ.”

ಕ್ಷೇಮ ಸಮಾಚಾರ ಕೇಳುವ ಬಾಯಿ ನನಗೆಲ್ಲಿದೆ. “ಅವತ್ತು ಹಿಡ್ಕೊಂಡಿದ್ದನ್ನ ಅಪ್ಪಂಗೆ ಕೇಳ್ಸಿದ್ಯಾ?” ಅಂದೆ.

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಬಂತು.

“ಕೇಳ್ಸಿದೆ ಅಕ್ಕ,” ಅಂದ. “ಮೂರನೇ ದಿನ. ಹಾಲುತುಪ್ಪಕ್ಕೆ ಅಂತ ನೀವೆಲ್ಲ ಗುಬ್ಬೀಲಿದ್ರಿ, ಆಸ್ಪತ್ರೇಲಿ ನಾನೊಬ್ನೇ ಇದ್ದೆ. ನಾನು ಒಳಗೆ ಹೋದ್ರೆ ನನ್ನ ಹಿಂದೆ ನೋಡೋರು, ಸಂತು ಬಂದ್ನಾ ಅಂತ. ಬರ್ತಾನೆ ಬರ್ತಾನೆ ಅಂತ ಎರಡು ದಿನ ಹೇಳ್ದೆ. ಮೂರನೇ ದಿನ ಬಾಯಿ ಬರ್ಲಿಲ್ಲ. ಇಯರ್‌ಫೋನಿಂದು ಒಂದು ಅವ್ರ ಕಿವಿಗೆ ಹಾಕ್ದೆ, ಒಂದು ನಾನು ಹಾಕ್ಕೊಂಡೆ.”

“ಪೂರ್ತಿ ಕೇಳ್ದ?”

“ಪೂರ್ತಿ. ಎಡಗೈಲಿ ನನ್ನ ಕಿರುಬೆರಳು ಹಿಡ್ಕೊಂಡಿದ್ರು. ಮುಗಿದ್ಮೇಲೂ ಬಿಡ್ಲಿಲ್ಲ. ಇನ್ನೊಂದ್ಸಲ ಹಾಕು ಅಂತ ಬೆರಳು ಎಳೆದ್ರು, ಹಾಕ್ದೆ.”

ಅದು ಸುಳ್ಳಲ್ಲ. ಲಕ್ವ ಹೊಡೆದ ಮೇಲೆ ಅಪ್ಪ ಏನು ಬೇಕಿದ್ದರೂ ನಮ್ಮ ಕಿರುಬೆರಳು ಹಿಡಿದು ಎಳೆಯುತ್ತಿದ್ದ, ನೀರಿಗೂ ಹಾಗೇ, ದೀಪ ಆರಿಸಲಿಕ್ಕೂ ಹಾಗೇ. ಅದನ್ನು ಬಲ್ಲವರು ಮನೆಯವರು ಮಾತ್ರ.

“ಡಾಕ್ಟ್ರು ಬೇಡ ಅಂದಿದ್ರು, ಗೊತ್ತಿತ್ತು,” ಅಂದ ಭಾನು. “ಅದಾಗಿ ಆರು ದಿನಕ್ಕೆ ಅವ್ರು ಹೋದ್ರು. ನಾನೇ ಕೊಂದೆ ಅನ್ಸಿತ್ತು. ನಿಮ್ಗೆ ಹೇಳಕ್ಕೆ ಹೆದರ್ಕೊಂಡೆ. ಹಾಡು ಮಾಡಿದ್ಮೇಲೆ ಹೇಳೋಣ ಅಂತ ಬಂದೆ, ಆಗ್ಲಿಲ್ಲ. ಕೇಳ್ದೆ ಹಾಡಿಗೆ ಹಾಕಿದ್ದು ನನ್ ತಪ್ಪೇ ಅಕ್ಕ. ಅದನ್ನ ಇಲ್ಲ ಅನ್ನಲ್ಲ.”

ಹೋದ ತಿಂಗಳು ಈ ಮಾತು ನನ್ನ ಕೈಗೆ ಸಿಕ್ಕಿದ್ದರೆ ಅವನನ್ನು ಊರಿನಲ್ಲಿ ತಲೆ ಎತ್ತದ ಹಾಗೆ ಮಾಡುತ್ತಿದ್ದೆ. ಡಾಕ್ಟರ ಮಾತು ಮೀರಿ ನಮ್ಮಪ್ಪನನ್ನು ಕೊಂದವನು ಅಂತ ಪಾರ್ಕಿನಲ್ಲಿ ನಿಂತು ಹೇಳುತ್ತಿದ್ದೆ. ಇವತ್ತು ಡ್ರಮ್ಮಿನ ಮೇಲೆ ಕೈ ಇಟ್ಟುಕೊಂಡು, “ಸರಿ,” ಅಂದೆ. ಊಟ ಆಯ್ತಾ ಅಂತ ಕೇಳಿದ. ಆಯ್ತು ಅಂದೆ. ಆಗಿರಲಿಲ್ಲ.

ಅವನನ್ನು ಕ್ಷಮಿಸಿಲ್ಲ. ಇದು ಬರೆದಿರಲಿ.

ಸಂಜೆ ಮನೆಗೆ ಬಂದಾಗ ಅವ್ವ ಗೇಟಿನಲ್ಲೇ ನಿಂತಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿದೆ. “ಕೇಳ್ದ ಅವ್ವ. ಎರಡ್ ಸಲ ಕೇಳ್ದ. ಗೊತ್ತಾಗೇ ಹೋದ.”

ಅವ್ವ ಗೇಟಿನ ಕಂಬಿ ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕೂತಳು. ಬೀದಿಯಲ್ಲಿ ಕರಿಬಸಮ್ಮ, ಪ್ರೇಮಲತಾ ಎಲ್ಲ ನೋಡುತ್ತಿದ್ದರು. ಅವಳು ಅಳಲಿಲ್ಲ. ಏನೋ ಲೆಕ್ಕ ಹಾಕುವವಳ ಹಾಗೆ ಬೆರಳು ಮಡಿಸುತ್ತ, “ಆರ್ ದಿನ ಗೊತ್ತಿತ್ತು ಹಂಗಾರೆ ಅವ್ನಿಗೆ,” ಅಂದಳು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದಳು.

“ಅತ್ನಾ?”

“ಅದು ಕೇಳ್ಲಿಲ್ಲ ಅವ್ವ.”

“ಕಣ್ಣೀರ್ ಒರುಸ್ದೋರು ಯಾರು?”

ಅದನ್ನೂ ಕೇಳಿರಲಿಲ್ಲ. ನಾಳೆ ಮತ್ತೆ ಫೋನ್ ಮಾಡಬೇಕು.